ಗುಡುಗಿನ ದೂರ

ಅಕ್ಕಿಯ ಡಬ್ಬಿಯಲ್ಲಿ ಹೂತು ತಂದಿದ್ದರು ಸೇಸಿಯಕ್ಕ.
ನೀರು ಹೀರುತ್ತದಂತೆ, ಮೊಬೈಲಿಗೂ ಹಾಗೇ ಮಾಡುತ್ತಾರಂತೆ.
ಹಿಂದಿನ ಮುಚ್ಚಳ ತಿರುಗಿಸಿದರೆ
ಒಂದು ನುಚ್ಚು ಉದುರಿತು, ಜತೆಗೆ
ನಲವತ್ತು ವರ್ಷದ ಉಪ್ಪು.

"ಓಡ್ತದಾ ಎಬ್ನೇಜರ್?"
"ನೋಡುವ."
ಮಲ್ಪೆ ದಕ್ಕೆಯ ಈ ಗೂಡಂಗಡಿಯಲ್ಲಿ
ಇದಕ್ಕಿಂತ ದೊಡ್ಡ ಮಾತು ನಾನು ಯಾರಿಗೂ ಕೊಟ್ಟಿಲ್ಲ.

ಸ್ವಿಟ್ಜರ್‌ಲೆಂಡ್ ನಾನು ಕಂಡದ್ದು ಹಂಚಿನ ಹೊಟ್ಟೆಯಲ್ಲಿ.
ಮಾಡು ಸೋರಿದಾಗ ಅಜ್ಜ ಹತ್ತಿ ಸರಿಸುವರು,
ಬಾಸೆಲ್ ಎಂದು ಒತ್ತಿದ್ದನ್ನು ಕೆಳಗೆ ಮಲಗಿ ನಾನು ಓದುವೆ.
ಆ ದೇಶದ ಕಣಿವೆಯಲ್ಲಿ, ಅಜ್ಜ ಹೇಳಿದ್ದು,
ಆರು ತಿಂಗಳು ಹಿಮ. ದನ ಕೊಟ್ಟಿಗೆಯಲ್ಲಿ,
ರೈತರು ಕಿಟಕಿ ಬದಿಯಲ್ಲಿ ಕೂತು
ಅರ ಹಿಡಿದು ಹಲ್ಲುಜ್ಜುವರಂತೆ, ಚಕ್ರದ ಹಲ್ಲು.
ದೋಣಿ ಮೇಲಕ್ಕೆಳೆದ ಎರಡು ತಿಂಗಳು
ನಮ್ಮವರು ಬಲೆಯ ಕಣ್ಣು ಕಟ್ಟುವುದಿಲ್ಲವೆ, ಹಾಗೆ.
ಹಿಮವೋ ಕಡಲೋ ಬೇಡವೆಂದ ಕೈಗಳು
ಸಣ್ಣ ಕೆಲಸ ಕಲಿಯುತ್ತವೆ.

ಮುಚ್ಚಳದ ಒಳಮೈಯಲ್ಲಿ ಸೂಜಿಯ ಗೀರು:
ಒಂದು ನನಗೆ ಬಾರದ ಲಿಪಿ,
ಒಂದು ಬೊಂಬಾಯಿ, ೫೮,
ಒಂದು ಕನ್ನಡದ 'ವಾ', ತಾರೀಕಿಲ್ಲ.
ಬಿಚ್ಚಿ ಕಟ್ಟಿದವರ ಹಾಜರಿ ಪುಸ್ತಕ.
ಕಟ್ಟಿಕೊಂಡು ತಿರುಗಿದವರು ಯಾರೂ ಇದನ್ನು ಓದಿಲ್ಲ.

ಒಳಗೆ ಆರು ಕಂಬದ ಪುಟ್ಟ ಚಕ್ರ,
ಮೂಡಬಿದಿರೆಯ ಬಸದಿ ಉಗುರಿನ ಮೇಲೆ ಕೂತ ಹಾಗೆ.
ಗುಂಡಿ ಒತ್ತಿದರೆ ಬಸದಿ ಒಂದು ಹೆಜ್ಜೆ ತಿರುಗಿ
ಸನ್ನೆಕೋಲು ಕಂಬ ಜಾರಿ ಸಂದಿಗೆ ಬಿದ್ದು
ನಿಂತ ಚಕ್ರ ಓಡುವ ಚಕ್ರದ ಕೈ ಹಿಡಿಯುತ್ತದೆ.
ತುಂಡಾದ ಒಂದು ಸ್ಪ್ರಿಂಗಿಗೆ
ಹೊಲಿಗೆ ಸೂಜಿ ಅರೆದು ಕಾಯಿಸಿದೆ:
ಒಣಹುಲ್ಲು, ಕಂದು, ನೇರಳೆ,
ನೀಲಿ ಬಂದದ್ದೇ ಎತ್ತಿದೆ.
ಉಸಿರೆಳೆಯುವಷ್ಟು ತಡವಾದರೆ ಅದು ಬರೀ ತಂತಿ.

ಮುಖದ ಅಂಚಿನ ಕೆಂಪು ಅಂಕಿ ಗಂಟೆಯದಲ್ಲ.
ಮಿಂಚು ಕಂಡಾಗ ಒತ್ತು, ಗುಡುಗು ಕೇಳಿದಾಗ ಒತ್ತು,
ಮುಳ್ಳು ನಿಂತಲ್ಲಿ ಕಿಲೋಮೀಟರು.
ದೂಮಣ್ಣ ಇದನ್ನು ಒಬ್ಬ ಹಡಗಿನವನಿಂದ ಕೊಂಡು
ಹೆಂಡತಿಯ ಕೈಯಲ್ಲಿಟ್ಟರಂತೆ:
"ಅಲ್ಲಿ ನನಗೆ ಎರಡೂ ತಲೆಯ ಮೇಲೆಯೇ.
ಲೆಕ್ಕ ಬೇಕಾದ್ದು ದಡದಲ್ಲಿದ್ದವರಿಗೆ."

"ಆ ರಾತ್ರಿ ಅಪ್ಪೆ ಮಿಂಚಿಗೆ ಒತ್ತಿದರು.
ಗುಡುಗೋ ತೆರೆಯೋ, ಗೊತ್ತಾಗಲಿಲ್ಲ.
ಮತ್ತೆ ಒತ್ತಲೇ ಇಲ್ಲ.
ಮುಳ್ಳು ಸುತ್ತಿತು, ಬೆಳಗಾಯಿತು, ಸುತ್ತಿತು.
ಗಾಳಿ ಗಂಗೊಳ್ಳಿಗೆ ದೂಡಿದ್ದ ಅಪ್ಪ
ಮಧ್ಯಾಹ್ನದ ಬಸ್ಸಿನಲ್ಲಿ ಬಂದರು,
ಟಿಕೇಟು ಕಿವಿಗೆ ಸಿಕ್ಕಿಸಿಕೊಂಡು.
ಮುಳುಗಿ ಎದ್ದವನಿಗೂ ಕಂಡಕ್ಟರ್ ದುಡ್ಡು ಬಿಡಲಿಲ್ಲವಂತೆ!
ಅಪ್ಪೆ ಬೈದು, ನಕ್ಕು, ಗಂಜಿ ಬಡಿಸುವಾಗ
ಕೀಲಿ ಮುಗಿದು ಮುಳ್ಳು ತಾನಾಗಿ ನಿಂತಿತ್ತು.
ಎಣಿಸಿದ್ದು ಸಾಕು ಅಂದರು.
ಮತ್ತೆ ಯಾರೂ ಕೀಲಿ ಕೊಡಲಿಲ್ಲ."

ನಿಂತಲ್ಲಿ ಹನ್ನೊಂದೂವರೆ ಕಿಲೋಮೀಟರು.
ಯಾವುದರಿಂದ ಯಾವುದಕ್ಕೆ? ಯಾವುದಕ್ಕೂ ಅಲ್ಲ.
ಆದರೂ ಮುಳ್ಳು ಕೀಳುವ ಮೊದಲು ಚೀಟಿಯಲ್ಲಿ ಬರೆದಿಟ್ಟೆ.
ತೊಳೆದು, ಎಣ್ಣೆಯಿಟ್ಟು, ಜೋಡಿಸಿ, ಓಡಿಸಿ,
ಅದೇ ಹನ್ನೊಂದೂವರೆಗೆ ತಂದು ನಿಲ್ಲಿಸಿದೆ.
'ವಾ' ಪಕ್ಕದಲ್ಲಿ ಒಂದು 'ಎ' ಗೀರಿ ಮುಚ್ಚಿದೆ.

ಇನ್ನೊಂದು ಗುಂಡಿ ಸೊನ್ನೆಯದು. ನಾನು ಮುಟ್ಟಲಿಲ್ಲ.
ಅದರಡಿ ಒಂದು ಸುತ್ತಿಗೆ, ಸುತ್ತಿಗೆಯಡಿ
ಹೃದಯದಾಕಾರದ ಉಕ್ಕಿನ ತುಂಡು.
ನಾನು ಕಟ್ಟಿದ ಮಾತಲ್ಲ, ಕಸುಬಿನಲ್ಲಿ ಅದರ ಹೆಸರೇ ಹಾಗೆ.
ಮುಳ್ಳು ಎಲ್ಲೇ ಇರಲಿ, ಪೆಟ್ಟು ಬಿದ್ದರೆ
ಹೃದಯ ಹೊರಳಿ ತನ್ನ ತಗ್ಗಿಗೆ ಬರುತ್ತದೆ.

ಸೇಸಿಯಕ್ಕ ಇನ್ನೂರು ಚೌಕಾಸಿ ಮಾಡಿದರು,
ಎರಡು ತುಂಡು ಅಂಜಲ್ ಮೇಜಿನ ಮೇಲಿಟ್ಟರು,
ಕನ್ನಡಕ ಏರಿಸಿ ಒತ್ತಿದರು.
ಟಕ್.
ಕಿವಿಗಿಟ್ಟುಕೊಂಡು ಸುಮ್ಮನೆ ನಿಂತರು ಸ್ವಲ್ಪ ಹೊತ್ತು,
ಒಳಗೆ ಸೆಕೆಂಡಿಗೆ ಐದು ಸಲ ಅದೇ ಮಾತು.

ಹೊಳೆಯ ಆಚೆ ದೋಣಿ ಕಟ್ಟುವಲ್ಲಿ
ಆಚಾರಿಯ ಸುತ್ತಿಗೆ ಮೇಲೆದ್ದು ಇಳಿಯಿತು.
ಒತ್ತಿದರು. ಸದ್ದು ಬಂತು. ಒತ್ತಿದರು.
ಮುಳ್ಳು ಅಲ್ಲಾಡಿತೋ ಇಲ್ಲವೋ.
"ಹತ್ತಿರವೇ ಉಂಟು" ಅಂದರು.