ಅಂಬಿಗಿತ್ತಿಗೆ ಹೆಸರಿರಲಿಲ್ಲ

ಲಾನ್ಸೆಸ್ಟನ್ನಿನ ಲಾಂಡ್ರಿಯ ಹಿಂದಿನ ಕೋಣೆ. ಗುರುವಾರ, ಏಳು ಗಂಟೆ.
ಕಿಟಕಿಯಲ್ಲಿ ಟೇಮರ್ ನದಿಯ ಕೆಸರಿನ ವಾಸನೆ.
ಗೋಡೆಯಾಚೆ ಯಾರದೋ ಕಂಬಳಿ
ಡ್ರೈಯರಿನಲ್ಲಿ ಧೊಪ್ ಧೊಪ್ ಹೊರಳುತ್ತಿತ್ತು.
ನಾನು ಮೇಜಿನ ಮೇಲೆ ಲೋಕ ಹಾಸಿದೆ.

ಒಂಬತ್ತು ವರ್ಷ ಕಟ್ಟಿದ್ದು.
ಬಸ್ ಡಿಪೋದ ರಾತ್ರಿ ಪಾಳಿಯಲ್ಲಿ, ಲೆಕ್ಕದ ಹಾಳೆಗಳ ಬೆನ್ನಿಗೆ
ನದಿಗಳನ್ನು ಒಂದೊಂದಾಗಿ ಬೆಟ್ಟ ಇಳಿಸಿದ್ದೆ.
ಅಲ್ಲಿ ರಾಜರಿಲ್ಲ; ಉಪ್ಪು ಅಳೆಯುವವರದೇ ಆಳ್ವಿಕೆ.
ಸತ್ತವರೂ ಮೂರು ವರ್ಷ ಕಂದಾಯ ಕಟ್ಟಬೇಕು.
ಉಬ್ಬರಕ್ಕೆ ಹದಿನೇಳು ಪದ, ಇಳಿತಕ್ಕೆ ಒಂದೇ,
ಅದನ್ನೂ ಹೆಂಗಸರು ಗಂಡಸರೆದುರು ಆಡುವಂತಿಲ್ಲ.
ಷಷ್ಠಿ ವಿಭಕ್ತಿಯೊಂದಕ್ಕೇ ಒಂದು ಚಳಿಗಾಲ ಹೋಯಿತು.
ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ,
ನಾನು ಕುಲಾವಿಗೆ ಕಸೂತಿ ಹಾಕಿ, ಆ ಕೂಸಿನ
ಮೊಮ್ಮಕ್ಕಳ ಆಸ್ತಿ ಜಗಳವನ್ನೂ ತೀರಿಸಿಟ್ಟಿದ್ದೆ.

ಟಾಮ್ಸಿನ್ ನಕ್ಷೆ ನೋಡಿದಳು, ಸೌಜನ್ಯದಿಂದ,
ಪರರ ಮದುವೆಯ ಆಲ್ಬಮ್ ನೋಡುವ ಹಾಗೆ.
ಡೆಸ್ಮಂಡ್ ಕೇಳಿದ: ‘ಕುಳ್ಳರಿದ್ದಾರಾ? ಕೊಡಲಿ ಹಿಡಿದವರು?’
ಇಲ್ಲ.
‘ಡ್ರ್ಯಾಗನ್ನು?’
ಉಪ್ಪಿನ ಗಣಿಯಲ್ಲಿ ಅಂಥದ್ದೊಂದಿದೆ, ಅಂದೆ,
ಆದರೆ ಅದು ಪ್ರಾಣಿಯಲ್ಲ, ಒಂದು ತರಹದ ಸಾಲ.
ಕ್ಯಾಲಮನ ಬಾಯಲ್ಲಿ ಚಿಪ್ಸು ತಡೆದು ನಿಂತಿತು.
‘ಹೋಗಲಿ, ಹೆಂಡದಂಗಡಿ? ಮೂಲೆಯಲ್ಲೊಬ್ಬ
ಮುಸುಕು ಹಾಕಿ ಕೂತಿರ್ತಾನಲ್ಲ, ಅಂಥದ್ದು?’
ಬೆಳಗಿನಿಂದ ಕಸಾಯಿ ಕಾರ್ಖಾನೆಯಲ್ಲಿ ನಿಂತು ಬಂದವನು.
ಅವನಿಗೆ ಗೊತ್ತಿರುವ ಬಾಗಿಲೊಂದು ಬೇಕಿತ್ತು,
ಕತ್ತಲಲ್ಲೂ ಚಿಲಕ ಕೈಗೆ ಸಿಗುವಂಥದ್ದು.
ತಪ್ಪೇನು? ಅಡಗೂಲಜ್ಜಿಯನ್ನು ಯಾರೂ ಕೇಳಲಿಲ್ಲ,
ರಾಜನಿಗೆ ಪ್ರತಿ ಸಲವೂ ಏಳೇ ಮಕ್ಕಳು ಯಾಕೆ ಅಂತ.
ಇದೆಲ್ಲ ಈಗ ಹೇಳುತ್ತಿದ್ದೇನೆ. ಆಗ ಸಿಟ್ಟು ಬಂದಿತ್ತು.

ಸೀದಾ ನದಿಯ ದಂಡೆಗೆ ತಂದು ಬಿಟ್ಟೆ.
ದೋಣಿ ಇದೆ, ದಾಟಿಸುವವಳೊಬ್ಬಳಿದ್ದಾಳೆ,
ಬರೀ ದಾಟಿಸಲಿಕ್ಕೆ. ಆಚೆ ದಡದಲ್ಲಿ
ಮುನ್ನೂರು ಪುಟ ಕಾಯುತ್ತಿತ್ತು.

ಅಲ್ಲಿಯವರೆಗೂ ತುಟಿ ಪಿಟಕ್ಕೆನ್ನದೆ
ದಾಳಗಳನ್ನು ಬಣ್ಣ ನೋಡಿ ಜೋಡಿಸುತ್ತಿದ್ದ ಲೊರೇನ್:
‘ಅವಳ ಹೆಸರೇನು?’

ಕಡತ ತಿರುವಿದೆ. ಅಣೆಕಟ್ಟಿನ ಕಲ್ಲುಗಳಿಗೂ ಹೆಸರಿತ್ತು.
‘ಉರುಳಿಸು, ಹೇಳ್ತಾಳೋ ನೋಡೋಣ’ ಅಂದೆ.
ಇಪ್ಪತ್ತು ಮುಖದ ದಾಳ. ಎರಡು ಬಿತ್ತು.
‘ಹೇಳಲ್ಲ.’ ಬಚಾವಾದೆ.

ಊರಿಗೆ ಬಂದವರು ನೀರಿಗೆ ಬರದಿರುತ್ತಾರೆಯೇ, ಅಂದುಕೊಂಡಿದ್ದೆ.
ಇವರು ನೀರಿಗೆ ಬಂದರು, ಊರಿಗೆ ಬರಲೇ ಇಲ್ಲ.
ಆರು ಗುರುವಾರ ದೋಣಿಯಲ್ಲೇ.
ಕ್ಯಾಲಮ್ ಅವಳಿಗೆ ಸಾರಾಯಿ ತಂದ. ಎಲ್ಲಿಂದ ಅಂದರೆ
‘ಎಲ್ಲೋ ಸಿಕ್ಕೇ ಸಿಗುತ್ತೆ’ ಅಂದ. ಸಿಕ್ಕಿತು;
ಕಂದಾಯ ಕಚೇರಿಯ ಹಿತ್ತಲಲ್ಲಿ ಹೆಂಡದಂಗಡಿ ಹುಟ್ಟಿತು.
ಅವಳ ಗಂಡ ಸತ್ತು ಎರಡು ವರ್ಷ, ಇನ್ನೊಂದು ವರ್ಷದ ಬಾಕಿ.
ಡೆಸ್ಮಂಡ್ ಹಟ ಮಾಡಿ ಪಡೆದಿದ್ದ ಕೊಡಲಿ ಮಾರಿ ಕಟ್ಟಿದ.
ಆ ರಾತ್ರಿ ಯಾರೂ ಚಿಪ್ಸು ಮುಟ್ಟಲಿಲ್ಲ.

ಇವತ್ತು ಲೊರೇನ್ ಮತ್ತೆ ಉರುಳಿಸಿದಳು. ಹತ್ತೊಂಬತ್ತು.
ಅಂಬಿಗಿತ್ತಿ ಬಾಯಿ ತೆರೆದಳು. ನನಗಿನ್ನೂ ಏನೂ ಹೊಳೆದಿರಲಿಲ್ಲ.
‘ತಡಿ’ ಅಂದಳು ಲೊರೇನ್. ‘ಇಳಿತದ ಪದ.
ಗಂಡಸರೆದುರು ಆಡೋ ಹಾಗಿಲ್ಲವಲ್ಲ,
ಅವಳ ಹೆಸರೇ ಅದು. ಅದಕ್ಕೇ ಆವತ್ತು ಹೇಳಲಿಲ್ಲ.’
ಹನ್ನೊಂದನೇ ಪುಟದ ಅಡಿಟಿಪ್ಪಣಿ! ಯಾವಾಗ ಓದಿದಳು?
ಡೆಸ್ಮಂಡನನ್ನೂ ಕ್ಯಾಲಮನನ್ನೂ ಹೊರಗೆ ಕಳಿಸಿ
ನನ್ನ ಕಡೆ ತಿರುಗಿದಳು:
‘ನೀನೂ.’

ಡ್ರೈಯರುಗಳ ಮುಂದೆ ನಿಂತಿದ್ದೇವೆ, ಮೂವರು.
ಕ್ಯಾಲಮ್ ಚಿಲ್ಲರೆ ಇದೆಯಾ ಅನ್ನುತ್ತಾನೆ, ಕೋಲಾ ಯಂತ್ರಕ್ಕೆ.
ಒಳಗೆ ಟಾಮ್ಸಿನ್ ಏನೋ ಪಿಸುಗುಟ್ಟಿ ಸುಮ್ಮನಾಗುತ್ತಾಳೆ.
ಬಾಗಿಲು ತೆಳ್ಳಗಿದೆ, ಕಿವಿಗೊಡಬಹುದು.
ನಿಯಮ ನಾನೇ ಬರೆದದ್ದು.
ಜೇಬು ತಡಕುತ್ತೇನೆ.