ಗುಲಗಂಜಿ ತೂಕ

ಕುರುಗೋಡಿನ ಕಮ್ಮಟದಲ್ಲಿ ನಾನು ಬೂದಿಯವಳು.
ಹೆಸರು ಕೇತವ್ವೆ. ಯಾವ ಕಲ್ಲಿನ ಮೇಲೂ ಬರೆದಿಲ್ಲ.
ಪಕ್ಷಕ್ಕೊಮ್ಮೆ ಕುಲುಮೆ ತಣ್ಣಗಾದಾಗ ಒಳಗೆ ಬಿಡುತ್ತಾರೆ.
ನೆಲ ಕೆರೆದು, ಇದ್ದಿಲ ಪುಡಿ ಬಳಿದು,
ಒಡೆದ ಮೂಸೆಗಳ ಕುಟ್ಟಿ, ಮರಿಗೆಯಲ್ಲಿ
ನೀರು ಹುಯ್ದು ಅಲ್ಲಾಡಿಸುತ್ತೇನೆ.
ಬೂದಿ ಹೋಗಬೇಕು, ಹೊನ್ನು ಕೂರಬೇಕು.
ಹೇಗೆಂದು ಮಣಿಕಟ್ಟಿಗೆ ಗೊತ್ತು, ನನಗೆ ಗೊತ್ತಿಲ್ಲ.

ಒಳಗಿನ ಕೆಲಸ ದೂರದಿಂದ ಕಂಡಿದ್ದೇನೆ.
ಮಾಳೋಜ ಕರಗಿದ್ದನ್ನು ಹನಿಹನಿಯಾಗಿ ಹುಯ್ಯುತ್ತಾನೆ,
ತಟ್ಟಿ ತಟ್ಟಿ ಬಿಲ್ಲೆ ಮಾಡುತ್ತಾನೆ.
ತಕ್ಕಡಿಯಲ್ಲಿ ಆ ಕಡೆ ಗುಲಗಂಜಿ, ಈ ಕಡೆ ಬಿಲ್ಲೆ;
ಹೆಚ್ಚಾದರೆ ಅಂಚಿಗೆ ಕತ್ತರಿ,
ಕಡಿಮೆಯಾದರೆ ಮತ್ತೆ ಬೆಂಕಿ.
ಆಮೇಲೆ ಅಚ್ಚುಗಳು. ನಡುವೆ ತಾವರೆ,
ಸುತ್ತ ಸಿಂಹ, ಶಂಖ, ಶ್ರೀಕಾರ.
ಒಂದೊಂದು ಏಟಿಗೂ ಬಿಲ್ಲೆ ಮುದುಡಿ ಮುದುಡಿ
ಕೊನೆಗೆ ಬಟ್ಟಲಾಗುತ್ತದೆ,
ಹೊಡೆಸಿಕೊಂಡದ್ದಕ್ಕೆ ಏನಾದರೂ ಕೊಡಿ ಎಂದು
ಬೊಗಸೆಯೊಡ್ಡಿದ ಹಾಗೆ.

ಸಂಜೆ ಎಲ್ಲರ ಕಚ್ಚೆ ಕೊಡವಿಸುತ್ತಾರೆ,
ತಲೆ ಬಾಚಿಸುತ್ತಾರೆ, ಉಗುರು ನೋಡುತ್ತಾರೆ.
ಮಾಳೋಜನನ್ನೂ ಬಿಡುವುದಿಲ್ಲ. ಅವನ ಗಡ್ಡ ಬೇರೆ ದೊಡ್ಡದು.
ದಿನವೆಲ್ಲ ಗದ್ಯಾಣ ಹೊಡೆದವನ ಮನೆಗೆ
ಕೂಲಿ ಬರುವುದು ಜೋಳವಾಗಿ, ಮೊರದಲ್ಲಿ.

ಒಂದು ಬೆಳಗ್ಗೆ ಅವನ ಮಗ ಬೀರೋಜ
ಶ್ರೀಕಾರವನ್ನು ತಲೆಕೆಳಗೆ ಹೊಡೆದ.
ಹಿಂದಿನ ರಾತ್ರಿ ಹೆಂಡತಿಗೆ ಹೆರಿಗೆ,
ಬಿಸಿನೀರು ಹೊತ್ತವಳು ನಾನೇ.
ಕೂಸು ಬಹಳ ಹೊತ್ತು ಅಳಲಿಲ್ಲ. ಆಮೇಲೆ ಅತ್ತಿತು.
ಅವನ ಕೈ ಮಾತ್ರ ಇನ್ನೂ ಆ ಹೊತ್ತಿನಲ್ಲೇ ಇತ್ತು.
ತೂಗುವವನು ತೂಗಿದ: ಸರಿ.
ಒರೆಗಲ್ಲಿಗೆ ತಿಕ್ಕಿದ: ಸರಿ.
ತಕ್ಕಡಿಗೆ ಓದು ಬರುವುದಿಲ್ಲವಲ್ಲ.
ನಾಣ್ಯ ಚೀಲ ಸೇರಿತು, ಚೀಲ ಕತ್ತೆಯನ್ನೇರಿತು.

ಇಪ್ಪತ್ತೆರಡು ವರ್ಷ. ಹೊಸ ದೊರೆ, ಹೊಸ ಅಚ್ಚು.
ಹಳೆಯ ಹೊನ್ನೆಲ್ಲ ಕರಗಲು ಬಂತು ಸುಂಕದ ಗಂಟುಗಳಲ್ಲಿ.
ಬೀರೋಜ ಒಂದನ್ನು ಎತ್ತಿ ಹಿಡಿದ,
ಬಾಗಿಲಲ್ಲಿದ್ದ ನನಗೂ ತೋರಿಸಿದ.
ತಲೆಕೆಳಗಾದ ಶ್ರೀ. ಸಿಂಹಕ್ಕೆ ಮುಖವೇ ಇರಲಿಲ್ಲ.
ತೂಗಿದರು: ಒಂದು ಗುಲಗಂಜಿ ಕಡಿಮೆ.

ಯಾರೂ ಕದ್ದಿಲ್ಲ, ಕತ್ತರಿ ತಾಗಿಲ್ಲ.
ಎಣಿಸಿದ ಬೆರಳು, ಸೆರಗಿನ ಗಂಟು,
ಕುದುರೆ ಮಾರುವವನ ಸೊಂಟದ ಬೆವರು,
ಸಾಲ ತೀರಿಸಿದಾಗ ಕಲ್ಲಿಗೆ ಬಡಿದು ಕೇಳಿದ ದನಿ,
ಎಲ್ಲವೂ ಇಷ್ಟಿಷ್ಟು ನೆಕ್ಕಿವೆ.
ಹೊಳೆಯ ಈಚೆ, ಹೊಳೆಯ ಆಚೆ,
ಆ ಗುಲಗಂಜಿ ಎಲ್ಲೆಲ್ಲೋ ಉದುರಿ ಬಿದ್ದಿದೆ.
ಅದನ್ನೆಲ್ಲ ಬಳಿದು ತೊಳೆಯೋಣವೆಂದರೆ
ಅಷ್ಟು ದೊಡ್ಡ ಮರಿಗೆ ಯಾವ ಬಡಗಿ ಮಾಡಿಯಾನು?

ಬೀರೋಜ ಅದನ್ನು ಮೂಸೆಗೆ ಹಾಕಿದ.
ಹೊರಗೆ ಬುತ್ತಿ ಹಿಡಿದು ನಿಂತಿದ್ದಳು ಮಗಳು,
ಅಪ್ಪ ತಡಮಾಡಿದನೆಂದು
ಬೀದಿಗೆಲ್ಲ ಕೇಳುವಂತೆ ಬೈಯುತ್ತ.