ಶೇಡ್ ಕಾರ್ಡಿನಲ್ಲಿ ಇಲ್ಲದ ಬಣ್ಣ

ಮೂವತ್ತು ವರ್ಷದಿಂದ ಬಣ್ಣ ಮಾರುತ್ತಿದ್ದೇನೆ,
ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ.
ಒಂದು ಡಬ್ಬಿ ಬಿಳಿಗೆ ಎರಡು ಹನಿ ಕಪ್ಪು ಬಿದ್ದರೆ
ಯಾವ ಬೂದಿ ಆಗುತ್ತದೆಂದು
ಮುಚ್ಚಳ ತೆಗೆಯದೆ ಹೇಳಬಲ್ಲೆ.
ಆದರೂ ಇದರ ಮೈಮೇಲೆ ಬರೆದದ್ದನ್ನು ಓದಲಾಗಲಿಲ್ಲ.

ಮಹಡಿಯ ಬಾಡಿಗೆಯವರು, ಬ್ಯಾಂಕಿನ ಮ್ಯಾನೇಜರು,
ರಾಯಚೂರಿಗೆ ವರ್ಗವಾಗಿ ಹೊರಡುವಾಗ
ಬಲೆಯ ಪಂಜರ, ಎರಡು ದೀಪ, ಅರಣ್ಯ ಇಲಾಖೆಯ ಕಾಗದ
ಎಲ್ಲಾ ನನ್ನ ಹೆಸರಿಗೆ ಮಾಡಿಕೊಟ್ಟರು.
"ಆ ಊರಿನ ಬಿಸಿಲಿಗೆ ಇದು ತಾಳಲ್ಲ, ಸುಮತಮ್ಮ."
ಒಳಗೆ ಕೊಂಬೆ ಅಪ್ಪಿಕೊಂಡು ಯೆಮನ್ ಕಡೆಯ ಗೋಸುಂಬೆ.
ಒಂದು ಕಣ್ಣು ನನ್ನ ಮೇಲೆ,
ಇನ್ನೊಂದು ಗಲ್ಲಾಪೆಟ್ಟಿಗೆ ಮೇಲೆ.

ಬಟ್ಟಲಲ್ಲಿ ನೀರಿಟ್ಟೆ. ತಿರುಗಿ ನೋಡಲಿಲ್ಲ.
ಎಲೆಯ ತುದಿಯಲ್ಲಿ ನಡುಗುವ ಹನಿಯಷ್ಟೇ ಅದಕ್ಕೆ ನೀರು.
ಸರಿ, ಬೆಳಿಗ್ಗೆ ಸಂಜೆ ಎಲೆಗೆ ನೀರು ಚಿಮುಕಿಸುವುದು ಕಲಿತೆ.
ಕಷ್ಟ ಅದಲ್ಲ.

ನಮ್ಮದು ನೀರು ಸೋಸಿ ಕುಡಿಯುವ ಮನೆ.
ಸೋಸಿದ ಬಟ್ಟೆಯನ್ನು ಅಜ್ಜಿ ಮತ್ತೆ ಬಾವಿಯ ನೀರಿಗೇ ಜಾಲಿಸುತ್ತಿದ್ದಳು,
ಸಿಕ್ಕಿಕೊಂಡ ಜೀವ ತನ್ನ ಮನೆ ಸೇರಲಿ ಎಂದು.
ಅಂಥ ಮನೆಗೆ ಅಂಗಡಿಯ ಹುಡುಗ ಚೌಡೇಶ
ಡಬ್ಬಿ ತುಂಬ ಜೀವಂತ ಚಿಮ್ಮಂಡೆ ತಂದ.

ದಿನಕ್ಕೆ ಆರು ಎಂದಿದ್ದರು. ನಾಲ್ಕು ಮಾಡಿದೆ.
ಆಮೇಲೆ ಎರಡು. ಅಷ್ಟಮಿ, ಚತುರ್ದಶಿ ಒಂದೂ ಇಲ್ಲ.
ದಾಸವಾಳದ ಎಲೆ ಕೊಟ್ಟೆ, ಹರಿದು ತಿಂದಿತು;
ಗೆದ್ದೆ ಅಂದುಕೊಂಡೆ.
ಚಿಮ್ಮಂಡೆಗೆ ಹೊರಳಿಸಲು ಕೊಟ್ಟಿದ್ದ ಸುಣ್ಣದಂಶದ ಪುಡಿ
ಮುಚ್ಚಳ ಬಿಚ್ಚದೆ ಕೂತಿತ್ತು.
ದೀಪ ಉರಿಯುತ್ತಿತ್ತು, ಅದರೊಳಗಿನ ಕಿರಣ ಯಾವತ್ತೋ ಸತ್ತಿತ್ತು.
ಬಿಸಿಲಿಗೆಂದು ಕಿಟಕಿಯ ಗಾಜಿನ ಹಿಂದೆ ಇಟ್ಟೆ.
ಗಾಜು ಬೆಳಕನ್ನಷ್ಟೇ ಬಿಡುತ್ತದೆ,
ಮೂಳೆಗೆ ಬೇಕಾದ್ದನ್ನು ಹೊರಗೇ ನಿಲ್ಲಿಸುತ್ತದೆ. ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೈ ಕೆಸರುಗಂದು.
"ಗೋಡೆಗೆ ಹೊಂದಿಕೊಂಡಿದೆ ಅಕ್ಕ" ಎಂದ ಚೌಡೇಶ.
ಗೋಡೆ ಹಸಿರಾಗಿತ್ತು.
ಮಾರನೇ ದಿನ ನಾಲಿಗೆ ಅರ್ಧ ಹೊರಬಂದು
ಗುರಿ ಮುಟ್ಟದೆ ಜೋತಿತು.
ಮೂರನೇ ದಿನ ಹಗಲಲ್ಲೇ ಕಣ್ಣು ಮುಚ್ಚಿ ಕೂತಿತು.
ಮುಂಗಾಲು ಮೊಣಕೈಯಲ್ಲಿ ಬಾಗಿತ್ತು,
ನೆನೆದ ರಟ್ಟಿನ ಹಾಗೆ.
ನಾನು? ದೀಪಾವಳಿಯ ಮುಂದಿನ ವಾರ,
ಬಣ್ಣದಂಗಡಿಗೆ ಅದೇ ಸುಗ್ಗಿ. ನಾಳೆ ನೋಡೋಣ ಅಂದೆ.
ಮೂರು ಸಲ ಅಂದೆ.

ಶೇಡ್ ಕಾರ್ಡಿನ ಪೆಟ್ಟಿಗೆಗೆ ತೂತು ಕೊರೆದು
ಆಟೋದಲ್ಲಿ ವೆಟರ್ನರಿ ಕಾಲೇಜಿಗೆ ಹೋದೆ.
ಮುಂದೆ ಕೆಚ್ಚಲುಬಾವಿನ ಎಮ್ಮೆ, ಹಿಂದೆ ಕುಂಟುವ ಮೇಕೆ.
"ನಿಮ್ಮದೇನಮ್ಮ?" ಕೇಳಿದ ಎಮ್ಮೆಯವ.
ಪೆಟ್ಟಿಗೆ ತೆಗೆದು ತೋರಿಸಿದರೆ ಎರಡು ಹೆಜ್ಜೆ ಹಿಂದೆ ಸರಿದ.

ಡಾಕ್ಟರ್ ದೇಚಮ್ಮ ಇನ್ನೂ ಚಿಕ್ಕ ಹುಡುಗಿ.
ಎಕ್ಸ್‌ರೇ ಬೆಳಕಿಗೆ ಹಿಡಿದಳು.
ಒಂದೇ ಕೋಟು ಸುಣ್ಣ ಬಳಿದ ಗೋಡೆಯಂತಿತ್ತು ಮೂಳೆ;
ಹಿಂದಿನದೆಲ್ಲ ಕಾಣುತ್ತಿತ್ತು.
"ಇವು ನೋವು ಬಚ್ಚಿಡುತ್ತವೆ.
ನಮಗೆ ಕಾಣೋ ಹೊತ್ತಿಗೆ ತುಂಬಾ ದಿನ ಆಗಿರುತ್ತೆ.
ಹಗಲು ಕಣ್ಣು ಮುಚ್ಚಿದರೆ, ಹಿಡಿತ ಸಡಿಲಾದರೆ,
ಬಾಯಿ ತೆರೆದೇ ಉಸಿರಾಡಿದರೆ, ಅವತ್ತೇ ಬನ್ನಿ.
ಏನು ತಿನ್ನಿಸ್ತಾ ಇದ್ರಿ?"
ಹೇಳಿದೆ. ಪರ್ವದ ದಿನಗಳನ್ನೂ ಹೇಳಿದೆ.
ನಗಲಿಲ್ಲ ಅವಳು.
"ಉಪವಾಸ ನೀವು ಮಾಡಿ ಅಮ್ಮ.
ಇದು ವ್ರತ ಹಿಡಿದಿಲ್ಲ."

ಬದುಕಿತು. ಬಾಗಿದ ಕಾಲು ಹಾಗೇ ಇರುತ್ತದಂತೆ.
ಈಗ ಸಾಲದ ಪುಸ್ತಕದ ಕೊನೆಯ ಹಾಳೆಯಲ್ಲಿ ಅದರ ಲೆಕ್ಕ:
ದೀಪ ಬದಲಿಸಿದ ತಾರೀಖು, ತೂಕ,
ಹಿಕ್ಕೆಯ ಜೊತೆಗಿನದು ಬಿಳಿಯೋ, ಕಿತ್ತಳೆಗೆ ತಿರುಗಿದೆಯೋ.
ಕಿತ್ತಳೆಯಾದರೆ ನೀರು ಸಾಲದು.
ಶೇಡ್ ಕಾರ್ಡಿನಲ್ಲಿ ಆ ಕಿತ್ತಳೆಗೆ ಹೆಸರಿಲ್ಲ.

ಮೊದಮೊದಲು ನಾಲಿಗೆ ಹೊರಡುವಾಗ
ಮುಖ ತಿರುಗಿಸುತ್ತಿದ್ದೆ.
ಈಗ ನೋಡುತ್ತೇನೆ. ಗುರಿ ತಪ್ಪಿತೇ ಎಂದು
ಯಾರಾದರೂ ನೋಡಬೇಕಲ್ಲ.

ರಾತ್ರಿ ಶಟರ್ ಎಳೆದ ಮೇಲೆ
ಡಬ್ಬಿಯಲ್ಲಿ ಚಿಮ್ಮಂಡೆಗಳು ಶುರುಮಾಡುತ್ತವೆ.
ಅವಕ್ಕೂ ಕ್ಯಾರೆಟ್ ತುರಿದು ಹಾಕುತ್ತೇನೆ,
ಹೊಟ್ಟೆ ತುಂಬ.
ಯಾರಿಗಾಗಿ ಎಂದು ಅವು ಕೇಳುವುದಿಲ್ಲ.
ಅಜ್ಜಿಯ ಫೋಟೋ ಇರುವುದು ಆ ಡಬ್ಬಿಯ ಮೇಲೇ;
ಬೇರೆ ಕಡೆ ಮೊಳೆ ಹೊಡೆಯಬೇಕು.